ಔಟ್‌ಪುಟ್ ವಾಲ್ವ್ ಬದಲಿಸುವ ಮುನ್ನ ಕಂಡೆನ್ಸರ್ ನೋಡಿ

ಹಳೇ ವಾಲ್ವ್ ರೇಡಿಯೊ ಹತ್ತು ನಿಮಿಷ ಚೆನ್ನಾಗಿ ಹಾಡಿ, ಬಿಸಿಯಾಗುತ್ತಿದ್ದಂತೆ ದನಿ ಒಡೆಯತೊಡಗಿದರೆ ಎಲ್ಲರ ಕಣ್ಣೂ ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್ ಇಎಲ್84 ಮೇಲೆ ಬೀಳುತ್ತದೆ. ಹೊಸದು ಹಾಕಿದರೂ ಕೆಲವು ದಿನಕ್ಕೆ ಮತ್ತೆ ಅದೇ ಪಾಡು. ಬಹಳ ಸಲ ತಪ್ಪು ವಾಲ್ವ್‌ನದಲ್ಲ, ಅದರ ಗ್ರಿಡ್‌ಗೆ, ಅಂದರೆ ದನಿ ಒಳಹೋಗುವ ಜಾಲರಿಗೆ, ಸೇರುವ ಕಪ್ಲಿಂಗ್ ಕಂಡೆನ್ಸರ್‌ನದು.

ಹಿಂದಿನ ವಾಲ್ವ್‌ನ ಪ್ಲೇಟ್‌ನಲ್ಲಿ (ದನಿ ಹೊರಬರುವ ತುದಿ) ಇರುವ ಡಿಸಿಯನ್ನು ತಡೆದು ದನಿಯನ್ನಷ್ಟೇ ಮುಂದೆ ಬಿಡುವುದು ಇದರ ಕೆಲಸ. ಮೇಣ ಮೆತ್ತಿದ ಹಳೇ ಕಾಗದದ ಕಂಡೆನ್ಸರ್ ತೇವ ಹೀರುತ್ತದೆ. ಮಲೆನಾಡಿನ ಅಟ್ಟದಲ್ಲಿ ಮಳೆಗಾಲ ಕಳೆದ ಸೆಟ್ಟಾದರೆ ಕೇಳುವುದೇ ಬೇಡ. ಬರೀ 5 ಮೈಕ್ರೋಆಂಪ್ ಸೋರಿದರೂ 680 ಕಿಲೋಓಮ್ ಗ್ರಿಡ್ ರೆಸಿಸ್ಟರ್ ಮೇಲೆ 3.4 ವೋಲ್ಟ್ ನಿಲ್ಲುತ್ತದೆ. ಅಷ್ಟು ಸಾಕು, ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯಲು.

ಮುಟ್ಟುವ ಮುನ್ನ ವಾಲ್ವ್‌ಗಳ ಹೆಸರು ಓದಿ. ಯುಎಲ್84, ಯುವೈ85 ಎಂದಿದ್ದರೆ ಚಾಸಿಸ್‌ನಲ್ಲೇ, ಅಂದರೆ ಲೋಹದ ಚೌಕಟ್ಟಿನಲ್ಲೇ, ಮೇನ್ಸ್ ಕರೆಂಟ್ ಇರಬಹುದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ತೆರೆಯಬೇಡಿ. ಮುಂದೆ ಹೇಳುವುದು ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ, 6.3 ವೋಲ್ಟ್ ಹೀಟರ್‌ನ ಸೆಟ್ಟಿಗೆ ಮಾತ್ರ. ಬೆಸುಗೆ ಹಾಕುವ ಮುಂಚೆ ಪ್ರತಿ ಸಲವೂ ಪ್ಲಗ್ ಕಿತ್ತು, ಪವರ್ ಸಪ್ಲೈನ ದೊಡ್ಡ ಫಿಲ್ಟರ್ ಕಂಡೆನ್ಸರ್‌ಗೆ 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಐದಾರು ಸೆಕೆಂಡ್ ಹಿಡಿದು, ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ.

ಪರೀಕ್ಷೆ ಹೀಗೆ. ಸೆಟ್ ಆಫ್ ಇದ್ದಾಗ ಇಎಲ್84 ಒಂದನ್ನೇ ಕಿತ್ತಿಡಿ. ಸಾಕೆಟ್ಟನ್ನು ಕೆಳಗಿನಿಂದ ನೋಡುತ್ತಾ, ದೊಡ್ಡ ಸಂದಿನಿಂದ ಗಡಿಯಾರದ ಮುಳ್ಳಿನಂತೆ ಎಣಿಸಿದರೆ ಎರಡನೇ ಪಿನ್ ಗ್ರಿಡ್. ಅದಕ್ಕೂ ಚಾಸಿಸ್‌ಗೂ ಡಿಜಿಟಲ್ ಮೀಟರ್ ಕ್ಲಿಪ್ ಹಾಕಿ, ಆಮೇಲೆ ಆನ್ ಮಾಡಿ. ಉಳಿದ ವಾಲ್ವ್‌ಗಳು ಕಾಯಲು ಒಂದು ನಿಮಿಷ ಬೇಕು. ಸೊನ್ನೆ ಇರಬೇಕು, ಕಾಲು ವೋಲ್ಟ್ ಪಾಸಿಟಿವ್ ಬಂದರೂ ಕಂಡೆನ್ಸರ್ ಕಿತ್ತೆಸೆಯಿರಿ. ಹೊರೆ ಇಲ್ಲದೆ ಎಚ್‌ಟಿ (ವಾಲ್ವ್‌ಗಳಿಗೆ ಹೋಗುವ ಹೈ ವೋಲ್ಟೇಜ್) ಏರುತ್ತದೆ, ಹಾಗಾಗಿ ಬೇಗ ಮುಗಿಸಿ ಆಫ್ ಮಾಡಿ.

ಅದೇ ಮೌಲ್ಯದ, ಸಾಮಾನ್ಯವಾಗಿ 10ರಿಂದ 22 ನ್ಯಾನೊಫ್ಯಾರಡ್‌ನ, 630 ವೋಲ್ಟ್ ಪಾಲಿಯೆಸ್ಟರ್ ಹಾಕಿ. ವಾಲ್ವ್ ವಾಪಸ್ ಕೂರಿಸಿ ಮೂರನೇ ಪಿನ್ನಿನ ಕ್ಯಾಥೋಡ್ ವೋಲ್ಟೇಜ್ ಅಳೆಯಿರಿ: ಕ್ಯಾಥೋಡ್‌ಗೆ 135 ಓಮ್ ರೆಸಿಸ್ಟರ್ ಇದ್ದು, ಪ್ಲೇಟ್‌ಗೆ 250 ವೋಲ್ಟ್ ಬರುತ್ತಿದ್ದರೆ ಏಳು ವೋಲ್ಟ್ ಆಸುಪಾಸು ಇರಬೇಕು. 11 ಬಂದರೆ ಸುಮಾರು 80 ಮಿಲಿಆಂಪ್ ಹರಿಯುತ್ತಿದೆ ಎಂದರ್ಥ, ಅದು ಅತಿಯಾಯಿತು. ಹೊಸ ಕಂಡೆನ್ಸರ್ ಇದ್ದೂ ಹತ್ತು ನಿಮಿಷಕ್ಕೆ ಗ್ರಿಡ್ ಪಾಸಿಟಿವ್ ಆದರೆ ಮಾತ್ರ ವಾಲ್ವ್ ಕೆಟ್ಟಿದೆ ಎನ್ನಿ. ಬೆಂಗಳೂರಿನ ಬಿಇಎಲ್ ಮಾಡಿದ ಹಳೇ ಇಎಲ್84 ಸಿಕ್ಕರೆ ಧಾರಾಳವಾಗಿ ಹಾಕಬಹುದು.

ವಾಲ್ಯೂಮ್ ಪೂರ್ತಿ ತಗ್ಗಿಸಿದರೂ ಗುಂಯ್ ಅನ್ನುತ್ತಿದ್ದರೆ ಮೊದಲು ಫಿಲ್ಟರ್ ಕಂಡೆನ್ಸರ್ ಅನುಮಾನಿಸಿ. 47 ಮೈಕ್ರೋಫ್ಯಾರಡ್, 450 ವೋಲ್ಟ್‌ನದು ಸಾಕು. ದೊಡ್ಡದು ಹಾಕಿದರೆ ಎಸಿಯನ್ನು ಡಿಸಿ ಮಾಡುವ ಇಝಡ್80 ರೆಕ್ಟಿಫೈಯರ್ ವಾಲ್ವ್ ಸುಟ್ಟೀತು. ಹಳೆಯದನ್ನು ಬಿಡಿಸಿಯೇ ಹೊಸದು ಜೋಡಿಸಿ, ಪಕ್ಕದಲ್ಲಿ ನೇತುಹಾಕಬೇಡಿ.

ದನಿಯೇ ಇಲ್ಲದೆ ಇಎಲ್84 ಒಳಗಿನ ಎರಡನೇ ಜಾಲರಿ, ಸ್ಕ್ರೀನ್ ಗ್ರಿಡ್, ಕೆಂಪಗೆ ಕಾಯುತ್ತಿದ್ದರೆ ತಕ್ಷಣ ಆಫ್ ಮಾಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ವಾಲ್ವ್ ಕಡೆಯ ತಂತಿ ಸುತ್ತು) ತುಂಡಾಗಿರಬಹುದು. ಸರಿ ಇದ್ದರೆ ಓಮ್ ಮೀಟರ್ ಕೆಲವು ನೂರು ಓಮ್ ತೋರಿಸುತ್ತದೆ. ತುಂಡಾಗಿದ್ದರೆ ಮರುಸುತ್ತಿಸಬೇಕು, ಇಲ್ಲವೇ ಬೇರೆಯದು ಹಾಕಬೇಕು.