ಆನೋಡ್ ಇಲ್ಲದ ಲಿಥಿಯಂ ಸೆಲ್: ತಾಮ್ರ ತೊಳೆಯುವುದರಿಂದ ಮೊದಲ ಚಾರ್ಜ್‌ವರೆಗೆ

ಈ ಸೆಲ್ ಕಟ್ಟುವಾಗ ಒಳಗೆ ಲಿಥಿಯಂ ಲೋಹ ಇರುವುದೇ ಇಲ್ಲ, ಬರೀ ತಾಮ್ರದ ಹಾಳೆ. ಮೊದಲ ಚಾರ್ಜ್‌ನಲ್ಲಿ ಕ್ಯಾಥೋಡ್‌ನಿಂದ (ಧನ ಧ್ರುವ) ಬಂದ ಲಿಥಿಯಂ ಅದರ ಮೇಲೆ ಕೂರುತ್ತದೆ. ಬೇರೆ ದಾಸ್ತಾನಿಲ್ಲ, ಕಳೆದದ್ದು ಕಳೆದ ಹಾಗೆಯೇ. ಪ್ರತಿ ಸುತ್ತಿಗೆ 99% ಲಿಥಿಯಂ ಮರಳಿದರೂ 50 ಸುತ್ತಿಗೆ ಉಳಿಯುವುದು 60% ಮಾತ್ರ, 99.8% ಮರಳಿದರೆ 90%. ದಪ್ಪ ಲಿಥಿಯಂ ಹಾಳೆ ಹಾಕಿದ ಸೆಲ್‌ನಲ್ಲಿ ಈ ಸೋರಿಕೆ ಕಾಣುವುದಿಲ್ಲ, ಅದನ್ನು ನೋಡಿ ಹಿಗ್ಗಬೇಡಿ.

ಎಲ್ಲಕ್ಕಿಂತ ಮೊದಲು ತಾಮ್ರ. ತಾಮ್ರದ ತಂಬಿಗೆಗೆ ಹುಣಸೆಹಣ್ಣು ಹಚ್ಚಿದರೆ ಹೊಳಪು ಬರುವುದು ಆಕ್ಸೈಡ್ ಕರಗುವುದರಿಂದ. ಇಲ್ಲೂ ಅದೇ ರಸಾಯನ, ಆದರೆ ತಿಕ್ಕಬಾರದು. ಗೀರು ಬಿದ್ದಲ್ಲಿ ಲಿಥಿಯಂ ಗುಡ್ಡೆಯಾಗುತ್ತದೆ. 16 ಮಿ.ಮೀ. ಬಿಲ್ಲೆಗಳನ್ನು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5–10 ನಿಮಿಷ ನೆನೆಸಿ, ಡಿಸ್ಟಿಲ್ಡ್ ನೀರು, ಆಮೇಲೆ ಅಸಿಟೋನ್‌ನಲ್ಲಿ ತೊಳೆದು, 80 ಡಿಗ್ರಿಯ ವ್ಯಾಕ್ಯೂಮ್ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ. ಆಕ್ಸೈಡ್ ಉಳಿದರೆ ಮೊದಲ ಚಾರ್ಜ್‌ನಲ್ಲೇ ಅದು ಲಿಥಿಯಂ ನುಂಗಿ ಲಿಥಿಯಂ ಆಕ್ಸೈಡ್ ಆಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಂತೂ ಒಣಗಿದ ಬಿಲ್ಲೆಯನ್ನು ಮೇಜಿನ ಮೇಲಿಡದೆ ನೇರ ಗ್ಲೋವ್ ಬಾಕ್ಸ್‌ಗೆ (ಕೈಗವಸಿನ ಮೂಲಕ ಒಳಗೆ ಕೆಲಸ ಮಾಡುವ, ಗಾಳಿ ಹೋಗದ ಪೆಟ್ಟಿಗೆ) ಒಯ್ಯಿರಿ. ಬಾಕ್ಸ್‌ನಲ್ಲಿ ಆರ್ಗಾನ್ ಇರಲಿ, ನೀರು–ಆಮ್ಲಜನಕ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಒಳಗಿರಲಿ. ನೈಟ್ರೋಜನ್ ನಡೆಯುವುದಿಲ್ಲ, ಲಿಥಿಯಂ ಅದರ ಜೊತೆಗೂ ಕೂಡಿಕೊಳ್ಳುತ್ತದೆ.

ಎಲೆಕ್ಟ್ರೊಲೈಟ್‌ಗೆ (ಅಯಾನು ಸಾಗಿಸುವ ದ್ರಾವಣ) 7.48 ಗ್ರಾಂ ಎಲ್‌ಐಎಫ್‌ಎಸ್‌ಐ (ಲಿಥಿಯಂ ಬಿಸ್‌ಫ್ಲೋರೊಸಲ್ಫೋನಿಲ್ ಇಮೈಡ್) ಲವಣವನ್ನು ಒಣಗಿಸಿದ ಡಿಎಂಇಗೆ (ಡೈಮೆಥಾಕ್ಸಿಈಥೇನ್ ಎಂಬ ದ್ರಾವಕ) ಸ್ವಲ್ಪಸ್ವಲ್ಪವೇ ಹಾಕಿ (ಬಿಸಿಯೇರುತ್ತದೆ), ತಣಿದ ಮೇಲೆ ಒಟ್ಟು 10 ಮಿ.ಲೀ.ಗೆ ತನ್ನಿ: 4 ಮೋಲಾರ್. ಇಷ್ಟು ಗಟ್ಟಿಯಾದಾಗ ಬಿಡುವಾಗಿ ತಿರುಗುವ ದ್ರಾವಕ ಕಡಿಮೆ. ತಾಮ್ರದ ಮೇಲೆ ಮೊದಲು ಒಡೆಯುವುದು ಲವಣದ ಎಫ್‌ಎಸ್‌ಐ ಅಯಾನು. ಅದರಿಂದ ಲಿಥಿಯಂ ಫ್ಲೋರೈಡ್ ಹೆಚ್ಚಿರುವ ಪದರ ಸಿಗುತ್ತದೆ, ಲಿಥಿಯಂ ದುಂಡಗೆ, ಒತ್ತಾಗಿ ಕೂರುತ್ತದೆ. ಮಾಮೂಲಿ ಕಾರ್ಬೊನೇಟ್ ದ್ರಾವಣದಲ್ಲಿ ಅದೇ ಲಿಥಿಯಂ ಪಾಚಿಯಂತೆ ಬೆಳೆದು, ಬುಡ ಕಳಚಿ ಸತ್ತು ಹೋಗುತ್ತದೆ. 4 ವೋಲ್ಟ್ ಮೇಲೆ ಡಿಎಂಇ ತಾಳುವುದಿಲ್ಲವಾದ್ದರಿಂದ ಕ್ಯಾಥೋಡ್‌ಗೆ ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಆರಿಸಿ.

ಸಿಆರ್2032 ಡಬ್ಬಿಯಲ್ಲಿ (ನಾಣ್ಯದಾಕಾರದ ಸೆಲ್‌ನ ಡಬ್ಬಿ) 12 ಮಿ.ಮೀ. ಕ್ಯಾಥೋಡ್, 19 ಮಿ.ಮೀ. ಸೆಪರೇಟರ್ (ಎರಡು ಧ್ರುವ ತಾಕದಂತೆ ತಡೆಯುವ ರಂಧ್ರದ ಹಾಳೆ), ಅದರ ಎರಡೂ ಬದಿ 30 ಮೈಕ್ರೊಲೀಟರ್ ದ್ರಾವಣ, ಮೇಲೆ ತಾಮ್ರ, ಸ್ಪೇಸರ್, ಸ್ಪ್ರಿಂಗ್. ತಾಮ್ರ ಕ್ಯಾಥೋಡ್‌ಗಿಂತ ಅಗಲವಿರಲೇಬೇಕು. ಸ್ಪ್ರಿಂಗ್ ಸಡಿಲಾದರೆ ಲಿಥಿಯಂ ಪದರ ಉಬ್ಬುತ್ತದೆ.

ಚದರ ಸೆಂ.ಮೀ.ಗೆ 2 ಮಿಲಿಆಂಪ್-ಗಂಟೆಯ ಕ್ಯಾಥೋಡ್‌ಗೆ ಕೂರುವ ಲಿಥಿಯಂ ಸುಮಾರು 10 ಮೈಕ್ರೊಮೀಟರ್. ಕಟ್ಟಿದ ಸೆಲ್ ಅನ್ನು 6 ಗಂಟೆ ಹಾಗೇ ಬಿಟ್ಟು, 0.23 ಮಿಲಿಆಂಪ್‌ನಲ್ಲಿ 3.8 ವೋಲ್ಟ್‌ವರೆಗೆ ನಿಧಾನ ತುಂಬಿಸಿ, 0.56 ಮಿಲಿಆಂಪ್‌ನಲ್ಲಿ 2.5 ವೋಲ್ಟ್‌ಗೆ ಇಳಿಸಿ. ಸೆಲ್ ತುಂಬಿಸಿ ಇಳಿಸುವ ಟೆಸ್ಟರ್‌ಗೆ ಯುಪಿಎಸ್ ಬೇಕು: ನಡುವೆ ಕರೆಂಟ್ ಹೋದರೆ ಕೂತ ಲಿಥಿಯಂ ಸುಮ್ಮನೆ ದ್ರಾವಣದೊಂದಿಗೆ ವರ್ತಿಸಿ ಕರಗುತ್ತದೆ, ಆ ಅಂಕಿ ಕೆಟ್ಟ ಹಾಗೆಯೇ.

ಚಾರ್ಜ್ ವೇಳೆ ವೋಲ್ಟೇಜ್ ನಡುಗುತ್ತಿದ್ದು, ಕ್ಯಾಥೋಡ್‌ನ ಪೂರ್ತಿ ಸಾಮರ್ಥ್ಯವಾದ 2.26 ಮಿಲಿಆಂಪ್-ಗಂಟೆ ದಾಟಿಯೂ ತುಂಬುತ್ತಲೇ ಇದ್ದರೆ ಒಳಗೆ ಸಣ್ಣ ಶಾರ್ಟ್ ಆಗಿದೆ, ತಕ್ಷಣ ನಿಲ್ಲಿಸಿ. ಪೂರ್ತಿ ಇಳಿಸಿದ ಸೆಲ್ ಅನ್ನು ಬಾಕ್ಸ್‌ನೊಳಗೇ ಬಿಚ್ಚಿ. ತಾಮ್ರದ ಮೇಲಿನ ಕಪ್ಪು ಪುಡಿ ಸತ್ತ ಲಿಥಿಯಂ. ನೀರು ತಾಕಿದರೆ ಹೊತ್ತಿಕೊಳ್ಳಬಹುದು. ಅದನ್ನು ಫ್ಯೂಮ್ ಹುಡ್‌ನಲ್ಲಿ ಐಸೊಪ್ರೊಪನಾಲ್‌ಗೆ ಚೂರುಚೂರಾಗಿ ಹಾಕಿ, ಗುಳ್ಳೆ ನಿಂತ ಮೇಲೆ ವಿಲೇವಾರಿ ಮಾಡಿ; ಪಕ್ಕದಲ್ಲಿ ಒಣ ಮರಳಿರಲಿ.