ಫ್ಲಾಕ್ ಮನೆಯಲ್ಲಿರಲಿ, ಓಪಸ್ ಜೇಬಿನಲ್ಲಿರಲಿ

ಬ್ಲೂಟೂತ್ ಇಯರ್‌ಬಡ್ ಕಿವಿಗೆ ಸಿಕ್ಕಿಸಿಕೊಂಡು, ಫೋನಿನ ತುಂಬ ಫ್ಲಾಕ್ (ಶಬ್ದದ ಮಾಹಿತಿ ಏನನ್ನೂ ಬಿಸಾಡದೆ ಹಿಂಡಿದ, ಅಂದರೆ ‘ಲಾಸ್‌ಲೆಸ್’) ಫೈಲ್ ಸುರಿದುಕೊಂಡು, ಸ್ಟೋರೇಜ್ ತುಂಬಿತು ಎಂದು ಫೋನ್ ಗೊಣಗಿದಾಗ ಮಕ್ಕಳ ವಿಡಿಯೊ ಅಳಿಸುವವರಿದ್ದಾರೆ. ಇನ್ನು ಕೆಲವರು ಹಳೆಯ ಎಂಪಿ3ಗಳನ್ನೆಲ್ಲ ಫ್ಲಾಕ್‌ಗೆ ಪರಿವರ್ತಿಸಿ, ‘ಈಗ ಎಷ್ಟು ಚೆನ್ನಾಗಿ ಕೇಳಿಸುತ್ತೆ ನೋಡಿ’ ಎನ್ನುತ್ತಾರೆ. ಎರಡನೆಯದು ಇನ್ನೂ ದೊಡ್ಡ ಎಡವಟ್ಟು. ಎಂಪಿ3 ಮಾಡುವಾಗ ಬಿಸಾಡಿದ ಮಾಹಿತಿ ಹಾಗೇ ಹೋಯಿತು. ಉಪ್ಪಿನಕಾಯಿಯನ್ನು ಮತ್ತೆ ಮಾವಿನಕಾಯಿ ಮಾಡಲಾಗದು. ಫೈಲ್ ಊದಿಕೊಳ್ಳುತ್ತದೆ, ಅಷ್ಟೆ.

ಮೊದಲ ಹೆಜ್ಜೆ: ಕಿವಿಯ ಕಡೆಯಿಂದ ಲೆಕ್ಕ ಹಾಕಿ

ಫೈಲ್ ಯಾವುದು ಎನ್ನುವ ಮೊದಲು, ಶಬ್ದ ಕಿವಿಗೆ ಬರುವ ಕೊನೆಯ ದಾರಿ ಯಾವುದು ಎಂದು ನೋಡಿ. ಸಿಡಿ ಗುಣಮಟ್ಟ ಎಂದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಶಬ್ದದ ಅಳತೆ), ಒಂದೊಂದೂ 16 ಬಿಟ್, ಎರಡು ಚಾನೆಲ್. ಒಟ್ಟು 1,411 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಕಿಲೋಬಿಟ್. ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ ಕೊಡೆಕ್ (ಶಬ್ದವನ್ನು ಹಿಂಡುವ, ಬಿಚ್ಚುವ ವಿಧಾನ) ಸಾಗಿಸುವುದು ಸುಮಾರು 328. ಸೋನಿಯ ಎಲ್‌ಡ್ಯಾಕ್ ಕೂಡ ಮೇಲ್ಮಟ್ಟದಲ್ಲಿ 990. ಡಬ್ಬದ ಮೇಲೆ ‘ಹೈ-ರೆಸ್’ ಎಂಬ ಚಿನ್ನದ ಚೀಟಿ ಅಂಟಿಸಿದ್ದರೂ ಅದು ಲಾಸ್‌ಲೆಸ್ ಅಲ್ಲ. ಐಫೋನ್ ಬ್ಲೂಟೂತ್‌ಗೆ ಎಸ್‌ಬಿಸಿ, ಎಎಸಿ ಎರಡೇ. ನೀವು ಫ್ಲಾಕ್ ಕೊಟ್ಟರೂ ಫೋನ್ ಅದನ್ನು ಬಿಚ್ಚಿ, ಮತ್ತೆ ಹಿಂಡಿಯೇ ಇಯರ್‌ಬಡ್‌ಗೆ ಕಳಿಸುತ್ತದೆ.

ಆಂಡ್ರಾಯ್ಡ್‌ನಲ್ಲಿ ಯಾವ ಕೊಡೆಕ್ ಓಡುತ್ತಿದೆ ಎಂದು ನೋಡಲು ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ, ಅದರಲ್ಲಿ ಬ್ಲೂಟೂತ್ ಆಡಿಯೊ ಕೊಡೆಕ್ ಇರುತ್ತದೆ. ಎಲ್‌ಡ್ಯಾಕ್ ಅನ್ನು 990ಕ್ಕೆ ಬಿಗಿ ಮಾಡಿ ಮೆಜೆಸ್ಟಿಕ್‌ನಂಥ ಜನಜಂಗುಳಿಗೆ ಹೋದರೆ ಹಾಡು ತುಂಡುತುಂಡಾಗುತ್ತದೆ. ‘ಅಡಾಪ್ಟಿವ್’ನಲ್ಲೇ ಬಿಡಿ.

ಲಾಸ್‌ಲೆಸ್ ಪ್ರಶ್ನೆ ನಿಜವಾಗಿ ಎದುರಾಗುವುದು ಹೆಚ್ಚಾಗಿ ತಂತಿಯ ಇಯರ್‌ಫೋನ್ ಇದ್ದವರಿಗೆ. ಫೋನಿನಲ್ಲಿ 3.5 ಮಿಮೀ ಜಾಕ್ ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಬೇಕು. ಒಳಗೆ ಡ್ಯಾಕ್ ಚಿಪ್ (ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವಂಥದ್ದು) ಇರುವುದನ್ನೇ ಕೇಳಿ ಕೊಳ್ಳಿ. ಚಿಪ್ ಇಲ್ಲದ ಅಗ್ಗದ ತುಂಡುಗಳು ಅನಲಾಗ್ ಸಿಗ್ನಲ್ ಹೊರಬಿಡುವ ಕೆಲವೇ ಫೋನ್‌ಗಳಲ್ಲಿ ಕೆಲಸ ಮಾಡುತ್ತವೆ, ಉಳಿದವುಗಳಲ್ಲಿ ಬರೀ ಮೌನ.

ಎರಡನೆಯದು: ಜಾಗ ಮತ್ತು ಡೇಟಾ

ಕೆಬಿಪಿಎಸ್ ಅನ್ನು ಸೆಕೆಂಡಿನಿಂದ ಗುಣಿಸಿ 8ರಿಂದ ಭಾಗಿಸಿದರೆ ಕಿಲೋಬೈಟ್ ಸಿಗುತ್ತದೆ. ಮೂರು ಗಂಟೆಯ ಸಂಗೀತ ಕಛೇರಿ ಬಿಚ್ಚಿದ ಸ್ಥಿತಿಯಲ್ಲಿ 1.9 ಜಿಬಿ, ಫ್ಲಾಕ್‌ನಲ್ಲಿ ಸುಮಾರು 1.1, ಎಂಪಿ3ಯಂತೆ ಮಾಹಿತಿ ಬಿಟ್ಟು ಹಿಂಡುವ ಓಪಸ್ ಕೊಡೆಕ್‌ನ 128 ಕೆಬಿಪಿಎಸ್‌ನಲ್ಲಿ 173 ಎಂಬಿ. ಸ್ಟ್ರೀಮಿಂಗ್‌ನಲ್ಲಿ ಸಿಡಿ ಮಟ್ಟದ ಲಾಸ್‌ಲೆಸ್ ಗಂಟೆಗೆ 400 ಎಂಬಿ ಆಸುಪಾಸು ನುಂಗುತ್ತದೆ, ದಿನಕ್ಕೆ 1.5 ಜಿಬಿಯ ಪ್ಯಾಕ್ ನಾಲ್ಕು ಗಂಟೆಯೂ ಬಾಳದು. ಅದೇ ಪ್ಯಾಕ್‌ನಲ್ಲಿ 256 ಕೆಬಿಪಿಎಸ್ ಆದರೆ ಹದಿಮೂರು ಗಂಟೆ. ಆಪ್‌ನಲ್ಲಿ ‘ಮೊಬೈಲ್ ಡೇಟಾ’ ಮತ್ತು ‘ವೈಫೈ’ಗೆ ಬೇರೆ ಬೇರೆ ಗುಣಮಟ್ಟ ಇಡುವ ಆಯ್ಕೆ ಇದ್ದರೆ ಇಂದೇ ಇಟ್ಟುಬಿಡಿ.

ಮೂರನೆಯದು: ಮೂಲ ಅಸಲಿಯೇ?

ಸ್ಪೆಕ್ ಎಂಬ ಉಚಿತ ತಂತ್ರಾಂಶಕ್ಕೆ ಫೈಲನ್ನು ಎಳೆದು ಹಾಕಿ. ಯಾವ ಎತ್ತರದ ಶಬ್ದ ಎಷ್ಟಿದೆ ಎಂದು ತೋರಿಸುವ ಬಣ್ಣದ ಚಿತ್ರ 16 ಕಿಲೋಹರ್ಟ್ಜ್ ಹತ್ತಿರ ಕತ್ತರಿಸಿದ ಹಾಗೆ ನೇರ ಗೆರೆಯಲ್ಲಿ ನಿಂತರೆ ಅದು ಹೆಚ್ಚಾಗಿ 128ರ ಎಂಪಿ3ಗೆ ಫ್ಲಾಕ್ ಅಂಗಿ ತೊಡಿಸಿದ್ದು. 320 ಆದರೆ ಗೆರೆ 20ರ ಸುತ್ತ ಬೀಳುತ್ತದೆ. ಹಳೆಯ ಕ್ಯಾಸೆಟ್, ಟೇಪಿನಿಂದ ಇಳಿಸಿದ ಭಾವಗೀತೆಗಳಲ್ಲೂ ಮೇಲಿನ ಶಬ್ದ ಇರುವುದಿಲ್ಲ. ಆದರೆ ಅಲ್ಲಿ ಬಣ್ಣ ಮೆಲ್ಲಗೆ ಮಾಸುತ್ತದೆ, ಗೋಡೆಯಂತೆ ನಿಲ್ಲುವುದಿಲ್ಲ. ಇಂಥ ಹಳೆಯ ಧ್ವನಿಮುದ್ರಣವನ್ನು 24 ಬಿಟ್, 192 ಕಿಲೋಹರ್ಟ್ಜ್ ಎಂದು ಹೆಚ್ಚು ದುಡ್ಡಿಗೆ ಮಾರಿದರೆ ನೀವು ಕೊಳ್ಳುವುದು ಟೇಪಿನ ಸುಯ್‌ಗುಟ್ಟುವಿಕೆಯನ್ನೇ. ಯೂಟ್ಯೂಬ್‌ನಿಂದ ‘320ಗೆ ಇಳಿಸಿಕೊಡುವ’ ಜಾಲತಾಣಗಳದ್ದೂ ಇದೇ ಮೋಸ. ಅಲ್ಲಿನ ಮೂಲವೇ ಹಿಂಡಿದ್ದು.

ನಾಲ್ಕನೆಯದು: ಕಣ್ಣುಮುಚ್ಚಿ ಕೇಳುವ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲಿ. ಒಂದು ಹಾಡನ್ನು ಸ್ಟ್ರೀಮಿಂಗ್ ಆಪ್‌ನಲ್ಲಿ ಕೇಳಿ, ಅದೇ ಹಾಡಿನ ಫ್ಲಾಕ್ ಅನ್ನು ಇನ್ನೊಂದು ಪ್ಲೇಯರ್‌ನಲ್ಲಿ ಕೇಳಿ ‘ಅಬ್ಬಾ ಫ್ಲಾಕ್’ ಎಂದರೆ ಏನೂ ಸಾಬೀತಾಗದು. ಎರಡೂ ಬೇರೆ ಬೇರೆ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಶಬ್ದವನ್ನು ಹದ ಮಾಡಿದ ಬಗೆ) ಇರಬಹುದು. ಜತೆಗೆ, ಕಿವಿಗೆ ಒಂದು ಕೂದಲೆಳೆ ಜೋರಾಗಿ ಕೇಳಿದ್ದು ಯಾವಾಗಲೂ ‘ಚೆನ್ನಾಗಿದೆ’ ಅನಿಸುತ್ತದೆ. ಅದು ಜೋರು ಎಂದೂ ಗೊತ್ತಾಗುವುದಿಲ್ಲ.

ಆದ್ದರಿಂದ ಒಂದೇ ಅಸಲಿ ಫ್ಲಾಕ್ ತೆಗೆದುಕೊಳ್ಳಿ. ಅದರಿಂದಲೇ ಎಂಪಿ3 128, ಓಪಸ್ 96, ಓಪಸ್ 128, ಎಎಸಿ 256 ಪ್ರತಿಗಳನ್ನು ಮಾಡಿ. ಕಂಪ್ಯೂಟರ್‌ನಲ್ಲಿ ಫೂಬಾರ್2000 ಎಂಬ ಪ್ಲೇಯರ್ ಹಾಕಿ, ಅದಕ್ಕೆ ಎಬಿಎಕ್ಸ್ ಕಂಪ್ಯಾರೇಟರ್ ಸೇರಿಸಿ, ಎರಡು ಫೈಲ್ ಆರಿಸಿ, ರೀಪ್ಲೇಗೇನ್ ಗುರುತು ಹಾಕಿ. ಇದು ಎರಡರ ಶಬ್ದಮಟ್ಟವನ್ನು ಸಮ ಮಾಡುತ್ತದೆ. ಎ, ಬಿ ಎಂಬುವು ಆ ಎರಡು ಫೈಲ್, ಅವುಗಳಲ್ಲಿ ಒಂದನ್ನು ಗುಟ್ಟಾಗಿ ಆರಿಸಿ ಕೇಳಿಸುವುದು ಎಕ್ಸ್. ಅದು ಎ ಯೋ ಬಿ ಯೋ ಎಂದು ನೀವು ಹೇಳಬೇಕು.

ಇಡೀ ಹಾಡು ಕೇಳುತ್ತ ಕೂರಬೇಡಿ, ಸ್ಮರಣೆ ಅಷ್ಟು ದೂರ ಬರುವುದಿಲ್ಲ. ಹತ್ತು ಸೆಕೆಂಡಿನ ತುಣುಕು ಸಾಕು. ತುಣುಕಿನ ಆಯ್ಕೆ ಮುಖ್ಯ: ಗಾಯನ, ಕೊಳಲು ಕೊಡೆಕ್‌ಗೆ ಸುಲಭದ ತುತ್ತು. ಖಂಜಿರ, ಘಟ, ಭಜನೆಯ ತಾಳ, ಸಭೆಯ ಚಪ್ಪಾಳೆ ಕಷ್ಟದವು. ಎಂಪಿ3 ಶಬ್ದವನ್ನು 1,152 ಸ್ಯಾಂಪಲ್‌ಗಳ ಫ್ರೇಮ್‌ಗಳಾಗಿ, ಅಂದರೆ ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ಹಿಂಡುತ್ತದೆ. ತುಂಡಿನ ನಡುವೆ ತಾಳ ಹೊಡೆದರೆ ಹಿಂಡಿದ್ದರಿಂದ ಹುಟ್ಟಿದ ಗೊಜ್ಜು ಸದ್ದು ಹಿಂದಕ್ಕೂ ಹರಡಿ, ‘ಟಿಂಗ್’ಗೆ ಮೊದಲೇ ಒಂದು ಸಣ್ಣ ‘ಸ್ಸ್’ ಕೇಳಿಸುತ್ತದೆ. ಚಪ್ಪಾಳೆ ಬೇಯುವ ಎಣ್ಣೆಯಂತೆ ಚಿಟಪಟ ಎನ್ನುವುದೂ ಇದರಿಂದಲೇ. ಎಲ್ಲಿ ಕಿವಿಗೊಡಬೇಕು ಎಂದು ಕಲಿಯಲು ಮೊದಲು ಎಂಪಿ3 128 ಇಟ್ಟುಕೊಂಡು ಅಭ್ಯಾಸ ಮಾಡಿ, ಆಮೇಲೆ ಮೇಲಕ್ಕೆ ಹೋಗಿ.

16 ಸುತ್ತು ಎಂದು ಮೊದಲೇ ನಿರ್ಧರಿಸಿ. ಹನ್ನೆರಡಕ್ಕಿಂತ ಕಡಿಮೆ ಸರಿ ಬಂದರೆ ಊಹೆ ಎಂದುಕೊಳ್ಳಿ; ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕೂ ಕಡಿಮೆ. ನಡುವೆ ಗೆಲ್ಲುತ್ತಿರುವಾಗ ನಿಲ್ಲಿಸುವುದು ಇಸ್ಪೀಟಿನ ಬುದ್ಧಿ. ಸುಸ್ತಾದರೆ ವಿರಾಮ ತೆಗೆದುಕೊಂಡು ಅಲ್ಲಿಂದಲೇ ಮುಂದುವರಿಸಿ. ವ್ಯತ್ಯಾಸ ಹಿಡಿಯಲಾಗದ ಮೊದಲ ಮಟ್ಟ ಸಿಕ್ಕಿತೆ? ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಆರಿಸಿ ನೆಮ್ಮದಿಯಾಗಿರಿ. ನೆನಪಿರಲಿ, ಪರೀಕ್ಷೆ ಮಾಡಿದ್ದು ಮೌನದ ಕೋಣೆಯಲ್ಲಿ. ಬಸ್ಸಿನಲ್ಲಿ ಇದರ ಅರ್ಧವೂ ಕೇಳಿಸದು.

ಐದನೆಯದು: ಪರಿವರ್ತನೆ

ಫ್ರೀಯಾಕ್ ಅಥವಾ ಫೂಬಾರ್2000 ಸಾಕು, ದುಡ್ಡು ಕೊಟ್ಟು ಕನ್ವರ್ಟರ್ ಕೊಳ್ಳಬೇಡಿ. ಆಂಡ್ರಾಯ್ಡ್‌ಗೆ ಓಪಸ್ 128 ವಿಬಿಆರ್ (ಹಾಡಿಗೆ ತಕ್ಕಂತೆ ಏರಿಳಿಯುವ ಬಿಟ್‌ರೇಟ್), ಬೇಕಿದ್ದರೆ 160. ಐಫೋನ್‌ಗೆ ಎಎಸಿ 256; ಲಾಸ್‌ಲೆಸ್ಸೇ ಬೇಕೆಂದರೆ ಆಪಲ್‌ನ ಆಲಾಕ್, ಯಾಕೆಂದರೆ ಅದರ ಮ್ಯೂಸಿಕ್ ಆಪ್ ಫ್ಲಾಕ್ ಸೇರಿಸಿಕೊಳ್ಳುವುದಿಲ್ಲ. ಉಪನ್ಯಾಸ, ಆಡಿಯೊ ಪುಸ್ತಕಕ್ಕೆ ಓಪಸ್ 32, ಮೊನೊ. ಓಪಸ್ ಎಲ್ಲವನ್ನೂ 48 ಕಿಲೋಹರ್ಟ್ಜ್‌ಗೆ ಬದಲಿಸಿ ತೋರಿಸುತ್ತದೆ, ಗಾಬರಿ ಬೇಡ. ‘ನಾರ್ಮಲೈಸ್’, ‘ಬಾಸ್ ಬೂಸ್ಟ್’ ಗುರುತುಗಳನ್ನು ತೆಗೆಯಿರಿ. ‘ಮೂಲ ಫೈಲ್ ಅಳಿಸು’ ಎಂಬ ಪುಟ್ಟ ಚೌಕ ಎಲ್ಲಾದರೂ ಅಡಗಿದೆಯೇ ಎಂದು ಎರಡು ಸಲ ನೋಡಿ. ಫ್ಲಾಕ್ ಹೊರಗಿನ ಡಿಸ್ಕ್‌ನಲ್ಲಿ ಭದ್ರವಾಗಿದ್ದರೆ ನಾಳೆ ಬೇರೆ ಕೊಡೆಕ್ ಬಂದಾಗಲೂ ಅದರಿಂದಲೇ ಹೊಸ ಪ್ರತಿ ತೆಗೆಯಬಹುದು. ಎಂಪಿ3ಯಿಂದ ಓಪಸ್ ಮಾಡಿದರೆ ಎರಡು ಸಲ ಹಿಂಡಿದಂತೆ.

ಹಾಡಿನ ಹೆಸರು ಕನ್ನಡದಲ್ಲೇ ಬರೆಯಿರಿ, ಆದರೆ ಯೂನಿಕೋಡ್‌ನಲ್ಲಿ. ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪಿಸಿದ್ದರೆ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಎಂಪಿ3ಗೆ ಐಡಿ3 (ಫೈಲಿನೊಳಗೆ ಹೆಸರು ಬರೆದಿಡುವ ಟ್ಯಾಗ್) ಆವೃತ್ತಿ 2.3 ಆರಿಸಿ, ಆವೃತ್ತಿ 1ರಲ್ಲಿ ಶೀರ್ಷಿಕೆಗೆ 30 ಬೈಟ್ ಮಾತ್ರ, ಕನ್ನಡಕ್ಕೆ ಜಾಗವೇ ಇಲ್ಲ.

ಕಾರಿನ ಸ್ಟೀರಿಯೊ ಇದ್ದರೆ ಒಂದು ಪೆನ್‌ಡ್ರೈವ್‌ಗೆ, ಲೇಮ್ ಎಂಬ ಎಂಪಿ3 ತಯಾರಿಸುವ ತಂತ್ರಾಂಶದ ವಿ0 (ಅತ್ಯುತ್ತಮ ವಿಬಿಆರ್ ಮಟ್ಟದ) ಎಂಪಿ3 ಹಾಕಿ ಇಟ್ಟುಬಿಡಿ. ಓಪಸ್ ಕಂಡರೆ ಅನೇಕ ಕಾರುಗಳು ಪೆನ್‌ಡ್ರೈವ್ ಖಾಲಿ ಎನ್ನುತ್ತವೆ. ರಾಗ, ತಾನ, ಪಲ್ಲವಿಯನ್ನು ಬೇರೆ ಬೇರೆ ಟ್ರ್ಯಾಕ್ ಮಾಡಿದ್ದರೆ ಅಲ್ಲಿ ನಡುವೆ ಕ್ಷಣದ ಮೌನ ಬೀಳುತ್ತದೆ, ಏಕೆಂದರೆ ಎಂಪಿ3 ಪ್ರತಿ ಫೈಲಿನ ತುದಿಗೆ ಒಂದಿಷ್ಟು ಖಾಲಿ ಸ್ಯಾಂಪಲ್ ಸೇರಿಸುತ್ತದೆ. ಲೇಮ್ ಅದರ ಲೆಕ್ಕವನ್ನು ಫೈಲಿನಲ್ಲೇ ಬರೆದಿಟ್ಟರೂ ಕಾರಿನ ಸ್ಟೀರಿಯೊಗಳು ಓದುವುದು ಅಪರೂಪ. ಕಾರಿಗಾಗಿ ಆ ಮೂರನ್ನೂ ಸೇರಿಸಿ ಒಂದೇ ಫೈಲ್ ಮಾಡಿಕೊಳ್ಳಿ.