ಅಧ್ಯಕ್ಷರ ಭಾಷಣ ಮುಗಿಯೋವರೆಗೂ ಸೂರ್ಯ ಕಾಯಲಿಲ್ಲ: ವಿವಿಯಲ್ಲಿ ಉಪನ್ಯಾಸ ಇಟ್ಟ ನನ್ನ ಅನುಭವ

ನಮ್ಮ ಫಿಸಿಕ್ಸ್ ಡಿಪಾರ್ಟ್‌ಮೆಂಟಲ್ಲಿ ಒಂದು ದತ್ತಿ ಉಪನ್ಯಾಸ ಇದೆ. ಹಿಂದೆ ಇದ್ದ ಮೇಷ್ಟ್ರೊಬ್ಬರ ಮನೆಯವ್ರು 1 ಲಕ್ಷ ಇಟ್ಟಿದ್ದು, ಎಫ್‌ಡಿ ಬಡ್ಡಿ ವರ್ಷಕ್ಕೆ 6-7 ಸಾವಿರ ಬರತ್ತೆ, ಅದ್ರಲ್ಲೇ ಸ್ಪೀಕರ್ ಬಸ್ ಚಾರ್ಜು, ಗೌರವಧನ, ಶಾಲು, ಹಣ್ಣಿನ ಬುಟ್ಟಿ, ಬ್ಯಾನರು, ಟೀ ಬಿಸ್ಕತ್ತು ಎಲ್ಲ ಮುಗೀಬೇಕು. ನಾನು ಸೇರಿದ ಎರಡನೇ ವರ್ಷಕ್ಕೇ ಎಚ್‌ಒಡಿ ಸರ್ "ನೀವು ಹೊಸಬ್ರು, ಉತ್ಸಾಹ ಇರತ್ತೆ" ಅಂತ ಇದನ್ನ ನನ್ನ ಕೊರಳಿಗೆ ಕಟ್ಟಿದ್ರು.

ಮೊದಲು ಎಲ್ಲರ ಥರ ಫೆಬ್ರವರಿ 28ಕ್ಕೇ ಇಡೋಣ ಅಂತಿದ್ದೆ, ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ರಾಮನ್ ಎಫೆಕ್ಟ್ ಗೊತ್ತಾದ ದಿನ. ಆದ್ರೆ ಅವತ್ತು ಕನ್ನಡದಲ್ಲಿ ಚೆನ್ನಾಗಿ ಸೈನ್ಸ್ ಮಾತಾಡೋರು ಸಿಗೋದು ಅಂದ್ರೆ ನವೆಂಬರ್ 1ಕ್ಕೆ ಆರ್ಕೆಸ್ಟ್ರಾ ಸಿಕ್ಕಂಗೆ. ಫೋನ್ ಮಾಡಿದ ನಾಲ್ಕು ಜನಾನೂ ಬುಕ್ಕು. ಅವರಲ್ಲೊಬ್ರು, ರಿಟೈರ್ಡ್ ಮೇಷ್ಟ್ರು, "ಏಪ್ರಿಲ್‌ಗೆ ಇಟ್ಕೊಳಿ, ಶೂನ್ಯ ನೆರಳಿನ ದಿನದ ಬಗ್ಗೆ ಮಾತಾಡ್ತೀನಿ, ನೆರಳು ಮಾಯ ಆಗೋದನ್ನ ಕಣ್ಣಾರೆ ತೋರಿಸ್ಬೋದು" ಅಂದ್ರು. ನನಗೆ ಖುಷಿಯೋ ಖುಷಿ, ಕ್ಯಾಲೆಂಡರಲ್ಲಿ ಆಗ್ಲೇ ಗುರುತು ಹಾಕ್ಕೊಂಡೆ.

ಗೊತ್ತಿಲ್ದೋರಿಗೆ ಒಂಚೂರು ಹೇಳ್ಬಿಡ್ತೀನಿ. ಕರ್ಕಾಟಕ ವೃತ್ತ ಮಕರ ವೃತ್ತದ ನಡುವೆ ಇರೋ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಮಾತ್ರ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ಆಗ ನೆರಳೇ ಇರಲ್ಲ. ಬೆಂಗಳೂರಿಗೆ ಏಪ್ರಿಲ್ 24ರ ಹೊತ್ತಿಗೆ ಒಂದ್ಸಲ, ಆಗಸ್ಟ್ 18ರ ಹೊತ್ತಿಗೆ ಇನ್ನೊಂದ್ಸಲ. ಉತ್ತರಕ್ಕೆ ಹೋದಷ್ಟೂ ಮೊದಲನೇದು ಮುಂದಕ್ಕೆ ಹೋಗತ್ತೆ, ಧಾರವಾಡಕ್ಕೆಲ್ಲ ಮೇ ಬರತ್ತೆ. ದೆಹಲಿಯವ್ರಿಗೆ ಈ ಭಾಗ್ಯ ಇಲ್ವೇ ಇಲ್ಲ. ಆಗಸ್ಟಲ್ಲಿ ನಮ್ಮ ಕಡೆ ಮೋಡ, ಹಂಗಾಗಿ ಏಪ್ರಿಲ್ಲೇ ಗಟ್ಟಿ.

ಮೊದಲನೇ ವರ್ಷ ನಾನು ಮಾಡಿದ ತಪ್ಪು ಅಂದ್ರೆ ಇನ್ವಿಟೇಶನ್ನು. ಹಳೇ ಫೈಲಲ್ಲಿದ್ದ ಇನ್ವಿಟೇಶನ್ನನ್ನೇ ಇಟ್ಕೊಂಡು ಹೆಸರು ಬದಲಾಯಿಸಿದೆ. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಸಸಿಗೆ ನೀರೆರೆದು ಉದ್ಘಾಟನೆ, ಅತಿಥಿಗಳ ಪರಿಚಯ, ಸನ್ಮಾನ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಮಾತು, ಆಮೇಲೆ ಉಪನ್ಯಾಸ. 11 ಗಂಟೆ ಅಂತ ಹಾಕಿದ್ವಿ, ಮುಖ್ಯ ಅತಿಥಿಗಳು ಬಂದಿದ್ದು 11:35ಕ್ಕೆ. ನೆರಳು ಹೋಗೋದು 12:20ರ ಆಸುಪಾಸು. ನಾಡಗೀತೆಗಾದ್ರೆ 2022ರಲ್ಲಿ ಸರ್ಕಾರವೇ 2 ನಿಮಿಷ 30 ಸೆಕೆಂಡು ಅಂತ ಗೆರೆ ಎಳೀತು, ಅಧ್ಯಕ್ಷರ ಭಾಷಣಕ್ಕೆ ಅಂಥ ಆದೇಶ ಇನ್ನೂ ಬಂದಿಲ್ಲ. 12:15ಕ್ಕೆ ಅವ್ರು ತಾವು ಎಂಎಸ್ಸಿ ಓದುವಾಗ ಹಾಸ್ಟೆಲ್ ಊಟ ಹೆಂಗಿತ್ತು ಅನ್ನೋದರಲ್ಲಿದ್ರು. ನಾನು ಸ್ಟೇಜ್ ಪಕ್ಕ ನಿಂತು ವಾಚ್ ತೋರಿಸ್ತಿದೀನಿ, ಅವ್ರು ನಗ್ತಾ ತಲೆ ಆಡಿಸ್ತಿದಾರೆ. ನಮ್ಮ ಸ್ಪೀಕರ್ ಪಾಪ ಕೊರಳಲ್ಲಿ ಹಾರ ಹಾಕ್ಕೊಂಡು ಕಿಟಕಿ ಕಡೆ ನೋಡ್ತಾ ಕೂತಿದ್ರು.

ಎಲ್ಲ ಮುಗಿದು ಹೊರಗೆ ಓಡಿದಾಗ 12:40. 20 ನಿಮಿಷ ಅಂದ್ರೆ ಸೂರ್ಯ 5 ಡಿಗ್ರಿ ಸರಿದಿರ್ತಾನೆ, 1 ಮೀಟರ್ ಕೋಲಿಗೆ ಸುಮಾರು 9 ಸೆಂಟಿಮೀಟರ್ ನೆರಳು ಬಿದ್ದಿತ್ತು, ಸ್ಕೇಲ್ ಇಟ್ಟು ಅಳೆದೆ. "ಸರ್, ಇದು ಶೂನ್ಯ ಅಲ್ವಲ್ಲ" ಅಂದ ಒಬ್ಬ ಹುಡುಗ. ಹಿಂದಿನ ಬೆಂಚಿಂದ ಮೆಲ್ಲಗೆ ಎದ್ದು ಹೋಗಿದ್ದ ಮೂರು ಜನ ಮಾತ್ರ ವಾಟರ್ ಬಾಟ್ಲು ಇಟ್ಟು ಸರಿಯಾದ ಟೈಮಿಗೆ ನೋಡಿದ್ರಂತೆ, ಕೊನೆಗೆ ಅವರ ಮೊಬೈಲ್ ಫೋಟೋನೇ ನ್ಯಾಕ್ (ಕಾಲೇಜು, ವಿವಿಗಳಿಗೆ ಗ್ರೇಡ್ ಕೊಡೋ ಸಂಸ್ಥೆ) ಫೈಲಿಗೆ ಹೋಯ್ತು.

ಅದಾದ್ಮೇಲೆ ಒಂದು ಭಾನುವಾರ ಬೆಂಗಳೂರಿಗೆ ಹೋಗಿ ಐಸಿಟಿಎಸ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆಯೋರು ನೆಹರು ತಾರಾಲಯದ ಜೊತೆ ಸೇರಿ ನಡೆಸೋ 'ಕಾಪಿ ವಿತ್ ಕ್ಯೂರಿಯಾಸಿಟಿ' ಉಪನ್ಯಾಸಕ್ಕೆ ಕೂತು ಬಂದೆ. ಸ್ಕೂಲ್ ಮಕ್ಕಳು, ಅಜ್ಜಂದಿರು ಎಲ್ಲ ಇದ್ರು, ಅವರನ್ನ ಯಾರೂ ಅಟೆಂಡೆನ್ಸ್ ಹೆದರಿಕೆ ಹಾಕಿ ಕರ್ಕೊಂಡು ಬಂದಿರ್ಲಿಲ್ಲ. ನಮ್ಮಲ್ಲೂ ಇದೇನು ಹೊಸದಲ್ಲ, ಮೈಸೂರು ವಿವಿ ಮೇಷ್ಟ್ರುಗಳು ಹಿಂದೆ ಪ್ರಚಾರೋಪನ್ಯಾಸ ಅಂತ ಊರೂರು ತಿರುಗಿ ಕನ್ನಡದಲ್ಲಿ ಸೈನ್ಸು ಹೇಳಿ, ಅದನ್ನೇ ಸಣ್ಣ ಪುಸ್ತಕ ಮಾಡ್ತಿದ್ರು.

ಮುಂದಿನ ವರ್ಷ ಎಲ್ಲ ತಿರುವುಮುರುವು ಮಾಡಿದೆ. ಇನ್ವಿಟೇಶನಲ್ಲಿ ದಪ್ಪ ಅಕ್ಷರದಲ್ಲಿ "12:05ಕ್ಕೆ ಲೈಬ್ರರಿ ಮುಂದಿನ ಅಂಗಳದಲ್ಲಿ ಸೇರಿ", ಆಮೇಲೆ ಒಳಗೆ ಉಪನ್ಯಾಸ, ಶಾಲು ಹಾರ ಎಲ್ಲ ಕೊನೆಗೆ. ಎಚ್‌ಒಡಿ ಸರ್ "ಪ್ರೋಟೋಕಾಲ್ ಏನಾಗತ್ತೆ?" ಅಂದ್ರು. ಹೋದ ವರ್ಷದ 9 ಸೆಂಟಿಮೀಟರ್ ಕಥೆ ನೆನಪಿಸಿದೆ, ಸುಮ್ನಾದ್ರು. ಅಧ್ಯಕ್ಷರಿಗೂ ಒಂದು ಕೆಲಸ ಕೊಟ್ಟೆ, ಮೈಕಲ್ಲಿ ನಿಮಿಷ ಎಣಿಸೋದು! ಅವ್ರು ಬಹಳ ಚೆನ್ನಾಗಿ ಎಣಿಸಿದ್ರು, ಸುಳ್ಳು ಹೇಳಲ್ಲ.

ಹಾರ್ಡ್‌ವೇರ್ ಅಂಗಡಿಯಿಂದ ಪಿವಿಸಿ ಪೈಪ್ ತಂದು 1 ಮೀಟರಿಗೆ ಕತ್ತರಿಸಿ, ಗಾರೆ ಮೇಸ್ತ್ರಿ ಹತ್ರ ತೂಗುಗುಂಡು ಈಸ್ಕೊಂಡು ನೆಟ್ಟಗೆ ನಿಲ್ಲಿಸಿದ್ವಿ. ಇದರಲ್ಲಿ ಸೋಮಾರಿತನ ಮಾಡ್ಬೇಡಿ, ಪೈಪ್ ಒಂದು ಡಿಗ್ರಿ ವಾಲಿದ್ರೂ ಸುಮಾರು ಪೌಣೆ ಎರಡು ಸೆಂಟಿಮೀಟರ್ ನೆರಳು ಇಣುಕತ್ತೆ. 12:20ರ ಹೊತ್ತಿಗೆ ನೆರಳು ಪೈಪಿನ ಬುಡಕ್ಕೆ ಸೇರ್ಕೊಂಡು ಹೋದಾಗ ಜನ ಹಂಗೇ "ಓ" ಅಂದ್ರು. ಕ್ಯಾಂಟೀನ್ ಅಕ್ಕ ಕೈ ಒರೆಸ್ಕೊಂಡು ಬಂದು ನೋಡಿ "ಮಧ್ಯಾಹ್ನ ದಿನಾ ನೆರಳು ಕಾಲಡಿಗೇ ಬರಲ್ವಾ ಸರ್, ಇವತ್ತೇನು ವಿಶೇಷ?" ಅಂದ್ರು. ಸ್ಪೀಕರ್ ಆ ಪ್ರಶ್ನೆಯಿಂದಲೇ ಉಪನ್ಯಾಸ ಶುರು ಮಾಡಿದ್ರು, ದಿನಾ ಗಿಡ್ಡ ಆಗತ್ತೆ, ಪೂರ್ತಿ ಹೋಗೋದು ಎರಡೇ ದಿನ, ಅದ್ಯಾಕೆ ಅಂತ. ಅಕ್ಕನೂ ಒಳಗೆ ಬಂದು ಕೂತ್ರು, ಅವತ್ತು ಚಿತ್ರಾನ್ನ ಲೇಟು.

ಪ್ರಶ್ನೆಗೆ ಮೈಕ್ ಕೊಟ್ರೆ ನಮ್ಮ ಮಕ್ಕಳು ತಲೆ ಬಗ್ಗಿಸ್ತಾರೆ, ಇಲ್ಲಾಂದ್ರೆ ಮುಂದಿನ ಸಾಲಿನ ಹಿರಿಯರೊಬ್ರು ಎದ್ದು ಪ್ರಶ್ನೆ ಹೆಸರಲ್ಲಿ ಇನ್ನೊಂದು ಉಪನ್ಯಾಸ ಕೊಡ್ತಾರೆ. ಅದಕ್ಕೆ ಬಾಗಿಲಲ್ಲೇ ಚೀಟಿ ಹಂಚಿದ್ವಿ, ಹೆಸರು ಬೇಡ, ಕನ್ನಡ ಇಂಗ್ಲಿಷು ಯಾವುದಾದ್ರೂ ಸರಿ. 43 ಚೀಟಿ ಬಂತು. "ಭೂಮಿ ವಾಲಿಲ್ದೇ ಇದ್ದಿದ್ರೆ?" ಅಂತ ಒಂದರಲ್ಲಿತ್ತು, ಸ್ಪೀಕರ್ ಅದಕ್ಕೆ ಹತ್ತು ನಿಮಿಷ ತಗೊಂಡ್ರು: ಆಗ ಸಮಭಾಜಕದ ಮೇಲಿನ ಊರಿಗೆ ದಿನಾ ಶೂನ್ಯ ನೆರಳು, ನಮಗೆ ಯಾವತ್ತೂ ಇಲ್ಲ. 2 ಗಂಟೆಗೆ ನಿಲ್ಲಿಸಿದೆ, ಹಳ್ಳಿ ಕಡೆ ಮಕ್ಕಳ ಬಸ್ಸು 2:30ಕ್ಕೆ, ಆಮೇಲೆ ಎಷ್ಟು ಒಳ್ಳೇ ಮಾತಾಡಿದ್ರೂ ಅವರ ಕಣ್ಣು ಬಾಗಿಲ ಕಡೆನೇ.

ಇಡೋರಿಗೆ ಇನ್ನೆರಡು ಮಾತು. ಸ್ಪೀಕರ್ ಲ್ಯಾಪ್‌ಟಾಪಿಗೂ ಹಾಲ್ ಪ್ರೊಜೆಕ್ಟರಿಗೂ ಹಿಂದಿನ ದಿನವೇ ಮದುವೆ ಮಾಡಿಸಿ, ನಮ್ಮದಿನ್ನೂ ಹಳೇ ಕಾಲದ ವಿಜಿಎ ಕೇಬಲ್ಲು. ಖರ್ಚಿನ ಪ್ರತಿ ಚೀಟಿನೂ ಅವತ್ತೇ ಫೈಲಿಗೆ ಹಾಕಿ, 5 ಸಾವಿರ ದಾಟಿದ ರಸೀದಿಗೆ 1 ರೂಪಾಯಿ ರೆವಿನ್ಯೂ ಸ್ಟ್ಯಾಂಪ್ ಮರೀಬೇಡಿ.

ನನ್ನ ಬಿಲ್ಲಂತೂ ವಾಪಸ್ ಬಂತು. "ಉಪನ್ಯಾಸಕ್ಕೆ ಪಿವಿಸಿ ಪೈಪ್ ಏಕೆ? ಸ್ಪಷ್ಟೀಕರಣ ನೀಡಿ" ಅಂತ ಕೆಂಪು ಇಂಕಲ್ಲಿ. ನೆರಳಿಲ್ಲದ ಪೈಪಿನ ಫೋಟೋ ಲಗತ್ತಿಸಿ ಕಳಿಸಿದೀನಿ, ಇನ್ನೂ ಪಾಸಾಗಿಲ್ಲ.